ಹೊಸ ಮ್ಯಾಚ್ ಏರ್ ರೈಫಲ್ ಕೈಗೆ ಬಂದ ಮೇಲೆ ಮೊದಲ ತಿಂಗಳು ಹೀಗೆ ಕಳೆಯಿರಿ

ಪೆಟ್ಟಿಗೆ ಮನೆಗೆ ಬಂದ ದಿನ ರಾತ್ರಿ ನಿದ್ದೆ ಬರುವುದಿಲ್ಲ. ನನಗೂ ಬರಲಿಲ್ಲ. ಎರಡು ವರ್ಷ ಕ್ಲಬ್‌ನ ಹಳೇ ರೈಫಲ್‌ನಲ್ಲೇ ಅಭ್ಯಾಸ ಮಾಡಿ, ದುಡ್ಡು ಕೂಡಿಟ್ಟು, ತಿಂಗಳುಗಟ್ಟಲೆ ಕಾದು ಕೊನೆಗೆ ವಾಲ್ಥರ್ ಎಲ್‌ಜಿ400 ಕೊಂಡೆ. 10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಅಂತಲೇ ಮಾಡಿದ್ದು. ನೀವು ಕೊಂಡಿದ್ದು ಫೈನ್‌ವರ್ಕ್‌ಬೌ, ಆನ್‌ಶುಟ್ಜ್, ಸ್ಟೈಯರ್ ಯಾವುದೇ ಇರಲಿ, ಇಲ್ಲಿ ಹೇಳುವುದರಲ್ಲಿ ಬಹುಪಾಲು ಅದಕ್ಕೂ ಸಲ್ಲುತ್ತದೆ.

ಮೊದಲೇ ಒಂದು ಮಾತು. ಮೊದಮೊದಲ ಸ್ಕೋರ್ ನೋಡಿ ರೈಫಲ್ ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನ ಮಾಡಬೇಡಿ. ಆ ಸ್ಕೋರ್‌ನಿಂದ ಗೊತ್ತಾಗುವುದು ಒಂದೇ, ರೈಫಲ್ ಇನ್ನೂ ನಿಮ್ಮ ಮೈಗೆ ಕೂತಿಲ್ಲ ಅಂತ. ಅಂಗಡಿಯಿಂದ ತಂದ ಬಟ್ಟೆಯನ್ನು ಟೈಲರ್ ಹತ್ತಿರ ಕೊಟ್ಟು ಸರಿ ಮಾಡಿಸುವುದಿಲ್ವಾ, ಇದೂ ಹಾಗೇ. ಇಲ್ಲಿ ಟೈಲರ್ ನೀವೇ.

ಲೈಸೆನ್ಸ್ ಬೇಕಾ ಅಂತ ಮನೆಯವರು ಕೇಳೇ ಕೇಳುತ್ತಾರೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಬೋರ್ (ನಳಿಕೆಯ ಒಳ ಅಗಲ) 4.5 ಮಿಲಿಮೀಟರ್ ಮೀರದ, ಶಕ್ತಿ 20 ಜೌಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಮ್ಯಾಚ್ ರೈಫಲ್‌ನ ಶಕ್ತಿ ಸುಮಾರು 7.5 ಜೌಲ್ ಮಾತ್ರ. ಪಾಯಿಂಟ್ 22 ಇಂಚು ಬೋರ್‌ನ ರೈಫಲ್ ವಿಷಯ ಬೇರೆ, ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಬಿಲ್‌ನ ಒಂದು ಪ್ರತಿ ಯಾವಾಗಲೂ ರೈಫಲ್ ಪೆಟ್ಟಿಗೆಯಲ್ಲೇ ಇರಲಿ. ಲೈಸೆನ್ಸ್ ಬೇಡ ಅಂದ ಮಾತ್ರಕ್ಕೆ ಇದು ಆಟದ ಸಾಮಾನಲ್ಲ. ಪೆಲೆಟ್, ಅಂದರೆ ಇದರ ಸಣ್ಣ ಸೀಸದ ಗುಂಡು, ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ಹೊರಡುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು ಅಂತಲೇ. ತಾರಸಿ ಮೇಲೆ ನಿಂತು ಹೊಡೆಯುವುದು ಬೇಡ. ರೇಂಜ್‌ಗೆ ಹೋಗಿ.

ಈಗ ಪೆಟ್ಟಿಗೆ ತೆರೆಯಿರಿ. ರೈಫಲ್ ಮೇಲಿನ ನಂಬರ್, ಬಿಲ್‌ನಲ್ಲಿರುವ ನಂಬರ್ ಒಂದೇನಾ ನೋಡಿ. ಫ್ಯಾಕ್ಟರಿಯಲ್ಲಿ ಹೊಡೆದು ನೋಡಿದ ಟೆಸ್ಟ್ ಕಾರ್ಡ್ ಇರುತ್ತದೆ, ಐದಾರು ಪೆಲೆಟ್ ಸೇರಿ ಒಂದೇ ತೂತಿನ ಹಾಗೆ ಕಾಣುತ್ತದೆ. ಅದನ್ನು ಬಿಸಾಡಬೇಡಿ. ಮುಂದೆ ಯಾವತ್ತಾದರೂ ರೈಫಲ್ ಮೇಲೆ ಅನುಮಾನ ಬಂದಾಗ ನೆಮ್ಮದಿ ಕೊಡುವುದು ಆ ಕಾರ್ಡೇ.

ಆಮೇಲೆ ಗಾಳಿ ಸಿಲಿಂಡರ್. ಇದನ್ನು ನಾನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಸಿಲಿಂಡರ್ ಮೇಲೆ ಅದು ತಯಾರಾದ ತಿಂಗಳು, ವರ್ಷ ಇರುತ್ತದೆ. ಸಾಮಾನ್ಯವಾಗಿ ಆ ದಿನದಿಂದ 10 ವರ್ಷ ಮಾತ್ರ ಅದನ್ನು ಬಳಸಬಹುದು. ನೀವು ಕೊಂಡ ದಿನದಿಂದ ಅಲ್ಲ. ನನಗೆ ಮಾರಿದವರು ಕೊಟ್ಟ ಎರಡನೇ ಸಿಲಿಂಡರ್ ಆಗಲೇ ಮೂರು ವರ್ಷ ಹಳೆಯದಾಗಿತ್ತು. ಹೊಸದರ ರೇಟನ್ನೇ ತೆಗೆದುಕೊಂಡಿದ್ದರು. ನಾನು ನೋಡಿದ್ದು ಆರು ವಾರ ಆದ ಮೇಲೆ, ರೇಂಜ್‌ನಲ್ಲಿ ಪಕ್ಕದ ಲೇನ್‌ನ ಹುಡುಗಿ ಬೆರಳಿಟ್ಟು ತೋರಿಸಿದಾಗ. ಅಷ್ಟೊತ್ತಿಗೆ ವಾಪಸ್ ಕೊಡುವ ದಾರಿ ಮುಚ್ಚಿತ್ತು. ಸಾವಿರಾರು ರೂಪಾಯಿ ಕೊಟ್ಟ ವಸ್ತುವಿನ ಮೂರು ವರ್ಷ ಸುಮ್ನೆ ಹೋಯಿತು, ಈಗಲೂ ಹೊಟ್ಟೆ ಉರಿಯುತ್ತದೆ. ಆದ್ದರಿಂದ ದುಡ್ಡು ಕೊಡುವ ಮುಂಚೆಯೇ ಸಿಲಿಂಡರ್‌ನ ಫೋಟೋ ಕೇಳಿ, ದಿನಾಂಕ ಓದಿ.

ತುಂಬಿಸುವಾಗ ಗಾಳಿಯ ಒತ್ತಡ 200 ಬಾರ್ ದಾಟಬಾರದು. ರೇಂಜ್‌ನ ದೊಡ್ಡ ಡೈವಿಂಗ್ ಸಿಲಿಂಡರ್‌ನಲ್ಲಿ 300 ಬಾರ್ ಇರಬಹುದು, ಹಾಗಾಗಿ ವಾಲ್ವ್ ತಿರುಗಿಸುವಾಗ ಕಣ್ಣು ಮೀಟರ್ ಮೇಲೇ ಇರಲಿ. ನಿಧಾನಕ್ಕೆ ತುಂಬಿಸಿ. ಬೇಗ ತುಂಬಿದರೆ ಸಿಲಿಂಡರ್ ಬಿಸಿಯಾಗುತ್ತದೆ, ತಣ್ಣಗಾದ ಮೇಲೆ ಮುಳ್ಳು ಕೆಳಗಿಳಿದು ಗಾಳಿ ಎಲ್ಲಿ ಸೋರುತ್ತಿದೆಯೋ ಅಂತ ಹೆದರುತ್ತೀರಿ. ಒಣ ಗಾಳಿ ಮಾತ್ರ ಸಾಕು, ಆಮ್ಲಜನಕ ಅಥವಾ ಬೇರೆ ಯಾವ ಅನಿಲವೂ ಬೇಡ. ತುಂಬಿಸುವ ಬಾಯಿಗೆ ಎಣ್ಣೆ, ಗ್ರೀಸ್ ತಾಗಲೇಬಾರದು. ಒತ್ತಡದಲ್ಲಿ ಅದು ಅಪಾಯ. ಮಂಗಳೂರು, ಕಾರವಾರದ ಕಡೆಯವರು ಹ್ಯಾಂಡ್ ಪಂಪ್ ಬಳಸಿದರೆ ತೇವ ಹೀರುವ ಫಿಲ್ಟರ್ ಹಾಕಿಕೊಳ್ಳಿ, ಮಳೆಗಾಲದ ಗಾಳಿಯಲ್ಲಿ ನೀರೇ ಜಾಸ್ತಿ.

ಇನ್ನು ಮುಖ್ಯ ಕೆಲಸ, ಅಳತೆ ಹೊಂದಿಸುವುದು. ಇಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮೊದಲ ಭಾನುವಾರ ಮನೆಯಲ್ಲಿ ಟೀ ಶರ್ಟ್ ಹಾಕಿಕೊಂಡು, ಕನ್ನಡಿ ಮುಂದೆ ನಿಂತು, ಮೂರು ಗಂಟೆ ಕೂತು ಎದ್ದು ಎಲ್ಲ ಸ್ಕ್ರೂ ಹೊಂದಿಸಿದೆ. ಮಂಗಳವಾರ ರೇಂಜ್‌ನಲ್ಲಿ ಶೂಟಿಂಗ್ ಜಾಕೆಟ್ ತೊಟ್ಟು ಎತ್ತಿದರೆ ಬಟ್ ಪ್ಲೇಟ್ (ಭುಜಕ್ಕೆ ಒರಗುವ ಹಿಂದಿನ ತಟ್ಟೆ) ಭುಜದಿಂದ ಹೊರಗೆ ತಳ್ಳುತ್ತಿದೆ, ಕುತ್ತಿಗೆ ಮುಂದಕ್ಕೆ ಚಾಚಬೇಕು, ಬೆರಳು ಟ್ರಿಗರ್‌ಗೆ ಸರಿಯಾಗಿ ಎಟುಕುವುದಿಲ್ಲ. ಕ್ಯಾನ್ವಾಸ್, ಚರ್ಮ ಸೇರಿ ಆ ಜಾಕೆಟ್ ಭುಜದ ಹತ್ತಿರ ಅಷ್ಟು ದಪ್ಪ. ಆದ್ದರಿಂದ ಜಾಕೆಟ್, ಪ್ಯಾಂಟ್, ಶೂ, ಗ್ಲೌಸ್ ಎಲ್ಲ ಹಾಕಿಕೊಂಡೇ ಅಳತೆ ನೋಡಿ. ಸೆಕೆಯಾದರೂ ಪರವಾಗಿಲ್ಲ.

ಕ್ರಮ ಹೀಗಿರಲಿ. ಮೊದಲು ಬಟ್ ಪ್ಲೇಟ್‌ನ ಉದ್ದ. ಗ್ರಿಪ್ ಹಿಡಿದಾಗ ತೋರುಬೆರಳಿನ ಮೊದಲ ಗೆಣ್ಣಿನ ಮುಂದಿನ ಮೆತ್ತನೆ ಭಾಗ ಟ್ರಿಗರ್ ಮೇಲೆ ನೇರವಾಗಿ ಕೂರಬೇಕು, ಮಣಿಕಟ್ಟು ಸೊಟ್ಟ ಆಗಬಾರದು. ಆಮೇಲೆ ಬಟ್ ಪ್ಲೇಟ್‌ನ ಎತ್ತರ. ತಲೆ ನೆಟ್ಟಗಿರಬೇಕು, ರೈಫಲ್ ತಲೆಯ ಹತ್ತಿರ ಬರಬೇಕೇ ಹೊರತು ತಲೆ ರೈಫಲ್ ಹತ್ತಿರ ಬಗ್ಗಬಾರದು. ಮೂರನೆಯದು ಕೆನ್ನೆ ಒರಗುವ ಚೀಕ್ ಪೀಸ್. ಇದಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಕಣ್ಣು ಮುಚ್ಚಿ, ತಲೆಯ ಭಾರವನ್ನು ಹಾಗೇ ಚೀಕ್ ಪೀಸ್ ಮೇಲೆ ಬಿಡಿ, ಎರಡು ಉಸಿರು ತೆಗೆದುಕೊಳ್ಳಿ, ಕಣ್ಣು ಬಿಡಿ. ಡಯಾಪ್ಟರ್‌ನ (ಕಣ್ಣಿನ ಹತ್ತಿರದ ಹಿಂದಿನ ಸೈಟ್) ತೂತಿನ ಮಧ್ಯದಲ್ಲಿ ಮುಂದಿನ ಸೈಟ್‌ನ ರಿಂಗ್ ಕಾಣಬೇಕು. ಒಂದು ಪಕ್ಕ ಕಪ್ಪು ನೆರಳು ಕಂಡರೆ ಚೀಕ್ ಪೀಸ್ ಸರಿಸಿ, ತಲೆಯನ್ನಲ್ಲ. ಡಯಾಪ್ಟರ್ ದೂರ ಅನ್ನಿಸಿದರೆ ಅದನ್ನೇ ರೈಲ್ ಮೇಲೆ ಹಿಂದಕ್ಕೆ ಎಳೆದುಕೊಳ್ಳಿ. ಕೊನೆಯಲ್ಲಿ ರೈಫಲ್ ಕೆಳಗಿರುವ, ಎಡಗೈ ಮೇಲೆ ಕೂರುವ ಬ್ಲಾಕ್. ಎಡ ಮೊಣಕೈ ಸೊಂಟದ ಮೂಳೆ ಮೇಲೆ ಕೂತು, ರೈಫಲ್ ಭಾರ ಮೂಳೆಯಿಂದ ಮೂಳೆಗೆ ಇಳಿದು ನೆಲಕ್ಕೆ ಹೋಗಬೇಕು. ಎಡಗೈ ಸ್ನಾಯು ನಡುಗುತ್ತಿದ್ದರೆ ಬ್ಲಾಕ್ ತಗ್ಗು ಇದೆ, ನೀವು ತೋಳಿನಿಂದ ಎತ್ತಿ ಹಿಡಿದಿದ್ದೀರಿ ಅಂತ ಅರ್ಥ. ಇದೆಲ್ಲ ಬಲಗೈಯವರ ಲೆಕ್ಕ, ಎಡಗೈಯವರು ತಿರುಗಿಸಿ ಓದಿಕೊಳ್ಳಿ.

ಒಂದು ದಿನಕ್ಕೆ ಒಂದೇ ಸ್ಕ್ರೂ ಮುಟ್ಟಿ. ಮುಟ್ಟುವ ಮುಂಚೆ ಪೆನ್ಸಿಲ್‌ನಿಂದ ಗುರುತು ಹಾಕಿ, ನೋಟ್‌ಬುಕ್‌ನಲ್ಲಿ ಬರೆಯಿರಿ, ಫೋಟೋ ತೆಗೆದಿಡಿ. ಎರಡು ಮೂರು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಅಂತ ದೇವರಾಣೆ ಗೊತ್ತಾಗುವುದಿಲ್ಲ. ಹೆಚ್ಚುವರಿ ತೂಕ ಈಗಲೇ ಹಾಕಬೇಡಿ. ಸ್ಪರ್ಧೆಯ ನಿಯಮದಲ್ಲಿ 5.5 ಕಿಲೋವರೆಗೆ ಅವಕಾಶ ಇದೆ ನಿಜ, ಆದರೆ ಭಾರ ಜಾಸ್ತಿಯಾದಷ್ಟೂ ಬೆನ್ನಿಗೆ ಹೊರೆ. ಕಿರಿಯ ವಯಸ್ಸಿನ ಮಕ್ಕಳ ತಂದೆತಾಯಿ ಇದನ್ನು ಗಮನಿಸಿ.

ಮೊದಲ ವಾರ ಪೆಲೆಟ್ ಡಬ್ಬಿ ತೆರೆಯಬೇಡಿ. ಈ ರೈಫಲ್‌ಗಳಲ್ಲಿ ಡ್ರೈ ಫೈರ್ ವ್ಯವಸ್ಥೆ ಇರುತ್ತದೆ, ಗಾಳಿ ಖರ್ಚಾಗದೆ ಟ್ರಿಗರ್ ಮಾತ್ರ ಕೆಲಸ ಮಾಡುತ್ತದೆ. ಗೋಡೆಗೆ ಸಣ್ಣ ಕಪ್ಪು ಚುಕ್ಕೆ ಅಂಟಿಸಿ, ಚೇಂಬರ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ದಿನಕ್ಕೆ ಅರ್ಧ ಗಂಟೆ ಹೋಲ್ಡಿಂಗ್, ಅಂದರೆ ಗುರಿ ಹಿಡಿದು ನಿಲ್ಲುವ ಅಭ್ಯಾಸ ಮಾಡಿ. ಟ್ರಿಗರ್ ಬಗ್ಗೆ ಏನು ಹೇಳಲಿ! ಜಾತ್ರೆಯಲ್ಲಿ ಬಲೂನ್ ಹೊಡೆಯುವ ಗನ್‌ನ ಟ್ರಿಗರ್ ನೆನಪಿದೆ ಅಲ್ವಾ, ಎಳೆದು ಎಳೆದು ಬೆರಳೇ ನೋಯುತ್ತಿತ್ತು. ಇದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನೂರು ಗ್ರಾಂ ಆಸುಪಾಸಿನ ಒತ್ತಡ ಸಾಕು. ಎರಡು ಹಂತ ಇರುತ್ತದೆ. ಮೊದಲ ಹಂತ ಸಡಿಲವಾಗಿ ಬರುತ್ತದೆ, ಆಮೇಲೆ ಒಂದು ಸಣ್ಣ ಗೋಡೆ ಸಿಕ್ಕ ಹಾಗೆ ನಿಲ್ಲುತ್ತದೆ. ಆ ಗೋಡೆಯ ಮೇಲೆ ಬೆರಳಿಟ್ಟು ಕಾಯುವುದನ್ನು ಕಲಿಯಿರಿ. ಹೊಸದರಲ್ಲಿ ನಿಮಗೆ ಗೊತ್ತಾಗದೆ ಡ್ರೈ ಫೈರ್ ಆಗಿಬಿಡುತ್ತಿದ್ದರೆ ಟ್ರಿಗರ್ ಸ್ವಲ್ಪ ಗಟ್ಟಿ ಮಾಡಿಕೊಳ್ಳಿ. ಚಾಂಪಿಯನ್‌ಗಳದು ತುಂಬಾ ಹಗುರ ಅಂತ ಕೇಳಿ ನೀವೂ ಹಗುರ ಮಾಡಬೇಡಿ.

ಈಗ ರೇಂಜ್. ಸೈಟ್ ಹೊಂದಿಸುವಾಗ ಜರ್ಮನ್ ಡಯಾಪ್ಟರ್‌ನವರು ಒಂದು ವಿಷಯ ತಿಳಿದಿರಿ. ತಿರುಗಿಸುವ ಗುಂಡಿ ಮೇಲೆ ಎಚ್, ಟಿ, ಎಲ್, ಆರ್ ಅಂತ ಇರುತ್ತದೆ. ಎಚ್ ಅಂದರೆ ಜರ್ಮನ್‌ನಲ್ಲಿ ಎತ್ತರ, ಟಿ ಅಂದರೆ ತಗ್ಗು. ಹೊಡೆತ ಮೇಲೆ ಬಿದ್ದಿದ್ದರೆ ಎಚ್ ಕಡೆಗೆ ತಿರುಗಿಸಬೇಕು, ಬಲಕ್ಕೆ ಬಿದ್ದಿದ್ದರೆ ಆರ್ ಕಡೆಗೆ. ಅಂದರೆ ಹೊಡೆತ ಎಲ್ಲಿ ಹೋಯಿತೋ ಆ ಅಕ್ಷರ, ಎಲ್ಲಿಗೆ ತರಬೇಕೋ ಅದಲ್ಲ. ನಾನು ಉಲ್ಟಾ ತಿಳಿದು ಹನ್ನೆರಡು ಹೊಡೆತ ಹಾಳು ಮಾಡಿದೆ. ಮೊದಲು ನಾಲ್ಕು ಕ್ಲಿಕ್ ತಿರುಗಿಸಿ ಎತ್ತ ಹೋಗುತ್ತದೆ ನೋಡಿಬಿಡಿ, ಆಮೇಲೆ ಧೈರ್ಯವಾಗಿ ಮುಂದುವರಿಯಿರಿ.

ಸರಿಯಾದ ಜಾಗ ಸಿಕ್ಕ ಮೇಲೆ ಕ್ಲಿಕ್ ಲೆಕ್ಕ ಬರೆದಿಡಿ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಫೈನಲ್‌ಗೆ ಸ್ವಲ್ಪ ಮುಂಚೆ ಅಭಿನವ್ ಬಿಂದ್ರಾ ಅವರ ಸೈಟಿಂಗ್ ಹೊಡೆತ (ಸೈಟ್ ಸರಿ ಇದೆಯಾ ನೋಡುವ ಹೊಡೆತ) ಎಲ್ಲೋ ಹೋಗಿ ಬಿತ್ತು, ಸೈಟ್ ಸರಿದಿತ್ತು. ಇದ್ದ ಸ್ವಲ್ಪ ಹೊತ್ತಿನಲ್ಲೇ ಸರಿಪಡಿಸಿಕೊಂಡು, ಕೊನೆಯ ಹೊಡೆತ 10.8 ಹೊಡೆದು ಚಿನ್ನ ಗೆದ್ದರು. ತನ್ನ ರೈಫಲ್ ಒಳಗೂ ಹೊರಗೂ ಗೊತ್ತಿದ್ದವರಿಗೆ ಮಾತ್ರ ಅದು ಸಾಧ್ಯ.

ಮುಂದಿನ ಸೈಟ್‌ನ ರಿಂಗ್ ಚಿಕ್ಕದಿದ್ದರೆ ಗುರಿ ಚೆನ್ನಾಗಿ ಹಿಡಿಯಬಹುದು ಅಂತ ಅನ್ನಿಸುತ್ತದೆ. ಅದು ಹಾಗಲ್ಲ. ಚಿಕ್ಕ ರಿಂಗ್‌ನಲ್ಲಿ ಕಪ್ಪು ವೃತ್ತ ಸ್ವಲ್ಪ ಅಲ್ಲಾಡಿದರೂ ಗಾಬರಿಯಾಗಿ ಟ್ರಿಗರ್ ಕಿತ್ತುಬಿಡುತ್ತೀರಿ. ಕಪ್ಪಿನ ಸುತ್ತ ಬಿಳಿ ಬಳೆ ಧಾರಾಳವಾಗಿ ಕಾಣುವಷ್ಟು ದೊಡ್ಡ ರಿಂಗ್ ಹಾಕಿ. ಕಣ್ಣಿಗೂ ಆರಾಮ.

ಮೊದಲ ದಿನ ಸ್ಟ್ಯಾಂಡಿಂಗ್ ಬೇಡ. ಟೇಬಲ್ ಮೇಲೆ ದಿಂಬು ಅಥವಾ ಮರಳು ಚೀಲ ಇಟ್ಟು, ರೈಫಲ್ ಒರಗಿಸಿ, ಐದೈದು ಹೊಡೆತದ ಗ್ರೂಪ್ ನೋಡಿ. ಹೊಡೆದಾಗ ಭುಜಕ್ಕೆ ಏನೂ ತಾಗುವುದಿಲ್ಲ, ಟಪ್ ಅಂತ ಒಂದು ಒಣ ಸದ್ದು, ಅಷ್ಟೇ. ನನಗೆ ಮೊದಲು ಹೊಡೆತ ಹೋಯಿತಾ ಇಲ್ವಾ ಅಂತಲೇ ಅನುಮಾನ ಬಂತು. ಐದು ಹೊಡೆದು ಪೇಪರ್ ತರಿಸಿಕೊಂಡು ನೋಡಿದರೆ ಒಂದೇ ತೂತು, ಅಂಚು ಸ್ವಲ್ಪ ಹರಿದಿತ್ತು. ಆ ಪೇಪರ್ ಇವತ್ತಿಗೂ ನೋಟ್‌ಬುಕ್‌ನಲ್ಲಿದೆ. ಪೆಲೆಟ್ ಚಪ್ಪಟೆ ತಲೆಯ ಮ್ಯಾಚ್ ಪೆಲೆಟ್ಟೇ ಆಗಿರಲಿ. ತಲೆಯ ಅಳತೆ 4.49, 4.50 ಅಂತ ಬೇರೆ ಬೇರೆ ಬರುತ್ತದೆ, ನಿಮ್ಮ ಬ್ಯಾರೆಲ್‌ಗೆ ಯಾವುದು ಹೊಂದುತ್ತದೆ ಅಂತ ಹುಡುಕುವುದು ನಾಲ್ಕೈದು ತಿಂಗಳ ಮೇಲಿನ ಕೆಲಸ. ಈಗ ಒಂದೇ ಬ್ರ್ಯಾಂಡ್‌ನ ನಾಲ್ಕು ಡಬ್ಬಿ ತಂದಿಟ್ಟುಕೊಳ್ಳಿ ಸಾಕು.

ಆಮೇಲೆ ನಿಂತು ಹೊಡೆಯಿರಿ. ಟಾರ್ಗೆಟ್‌ನ 10ರ ಚುಕ್ಕೆ ಅರ್ಧ ಮಿಲಿಮೀಟರ್, ಒಂದು ರವೆ ಕಾಳಿನಷ್ಟು. ಪೆಲೆಟ್ 4.5 ಮಿಲಿಮೀಟರ್ ಅಗಲ ಇರುವುದರಿಂದ ಅದರ ಅಂಚು ಚುಕ್ಕೆಗೆ ತಾಗಿದರೂ 10 ಸಿಗುತ್ತದೆ. ಅಂದರೆ ಮಧ್ಯದಿಂದ ಎರಡೂವರೆ ಮಿಲಿಮೀಟರ್ ಒಳಗೆ ಇರಬೇಕು. ಗುರಿ ಪಕ್ಕಕ್ಕೆ ಹೋಗುತ್ತಿದ್ದರೆ ಕೈಯಿಂದ ತಳ್ಳಬೇಡಿ. ಕಣ್ಣು ಮುಚ್ಚಿ, ಉಸಿರು ಬಿಟ್ಟು, ಕಣ್ಣು ತೆರೆದಾಗ ರೈಫಲ್ ಎಲ್ಲಿ ನಿಂತಿದೆಯೋ ಅದು ನಿಮ್ಮ ಮೈಯ ಸಹಜ ದಿಕ್ಕು. ಪಾದವನ್ನು ಕೂದಲೆಳೆಯಷ್ಟು ಸರಿಸಿ ಆ ದಿಕ್ಕನ್ನೇ ಟಾರ್ಗೆಟ್‌ಗೆ ತನ್ನಿ. ಹೊಡೆದ ಮೇಲೂ ಎರಡು ಸೆಕೆಂಡ್ ಹಾಗೇ ನೋಡುತ್ತಾ ನಿಲ್ಲಿ.

ಸ್ಕೋರ್ ಬಿದ್ದೇ ಬೀಳುತ್ತದೆ. ಹಳೇ ರೈಫಲ್‌ನಲ್ಲಿ 60 ಹೊಡೆತಕ್ಕೆ 605 ಬರುತ್ತಿದ್ದ ನನಗೆ ಹೊಸದರಲ್ಲಿ ಮೊದಲ ಮ್ಯಾಚ್ 591 ಬಂತು. ಈಗ ದಶಾಂಶದ ಲೆಕ್ಕ, ಒಂದು ಹೊಡೆತಕ್ಕೆ ಹೆಚ್ಚೆಂದರೆ 10.9, ಹಾಗಾಗಿ ಗರಿಷ್ಠ 654. ಮನಸ್ಸು ಕುಗ್ಗಿತು, ಆದರೆ ಅಳತೆ ಕೂತ ಮೇಲೆ ಒಂದು ತಿಂಗಳು ಏನೂ ಬದಲಿಸಬಾರದು ಅಂತ ಕೋಚ್ ಗಟ್ಟಿಯಾಗಿ ಹೇಳಿದ್ದರು. ಐದನೇ ವಾರ 608 ಬಂತು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 400ಕ್ಕೆ 400 ಹೊಡೆದರು, ಆಗ ದಶಾಂಶ ಇಲ್ಲದ ಲೆಕ್ಕ, 40 ಹೊಡೆತಕ್ಕೂ ಹತ್ತತ್ತು, ಒಂದೂ ತಪ್ಪಿಲ್ಲ. ಆ ಸ್ಕೋರ್ ಪಟ್ಟಿ ನನ್ನ ಕಿಟ್ ಬ್ಯಾಗ್ ಒಳಗೆ ಅಂಟಿಸಿಕೊಂಡಿದ್ದೇನೆ.

ಮುಗಿದ ಮೇಲೆ ರೈಫಲ್ ಒಳಗೆ ಪೆಲೆಟ್ ಇಲ್ಲ ಅಂತ ನೋಡಿ, ರೈಫಲ್ ಖಾಲಿ ಅಂತ ತೋರಿಸುವ ಸೇಫ್ಟಿ ಫ್ಲ್ಯಾಗ್‌ನ ದಾರ ಬ್ಯಾರೆಲ್‌ನ ಈ ತುದಿಯಿಂದ ಆ ತುದಿಗೆ ಹಾಕಿ. ಬೆವರಿನ ಕೈ ತಾಗಿದ ಕಬ್ಬಿಣದ ಭಾಗ ಒಣ ಬಟ್ಟೆಯಿಂದ ಒರೆಸಿ. ಪೆಲೆಟ್ ಸೀಸದ್ದು, ಹಾಗಾಗಿ ಕೈ ಸೋಪಿನಲ್ಲಿ ತೊಳೆದೇ ಕಾಫಿ ಕುಡಿಯಿರಿ. ಪೆಟ್ಟಿಗೆಗೆ ಬೀಗ ಹಾಕಿ, ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಸಿಲಿಂಡರ್ ಬಿಡಬೇಡಿ. ವಿಮಾನದಲ್ಲಿ ಮ್ಯಾಚ್‌ಗೆ ಹೋಗುವವರು ಸಿಲಿಂಡರ್ ಬಿಚ್ಚಿ ಪೂರ್ತಿ ಖಾಲಿ ಮಾಡಿ, ಏರ್‌ಲೈನ್‌ಗೆ ಮುಂಚೆಯೇ ತಿಳಿಸಿ, ಚೆಕ್ ಇನ್ ಲಗೇಜ್‌ಗೆ ಹಾಕಿ. ಹೊರಡುವ ಮುಂಚೆ ಡಯಾಪ್ಟರ್‌ನ ಕ್ಲಿಕ್ ಲೆಕ್ಕ ನೋಟ್‌ಬುಕ್‌ನಲ್ಲಿ ಇದೆಯಾ ನೋಡಿಕೊಳ್ಳಿ, ಆ ನೋಟ್‌ಬುಕ್ ಮಾತ್ರ ಕೈಚೀಲದಲ್ಲೇ ಇರಲಿ.