ಕಿಡ್ನಿ ಕಸಿಯಾದವರ ಲಸಿಕೆ: ನಾನು ತಾರೀಖು ಕೇಳುವುದು ಯಾಕೆ

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಕಿಡ್ನಿ ವಿಭಾಗದಲ್ಲಿ ನಾನು ಕಸಿ ಸಂಯೋಜಕಿ. ಡಯಾಲಿಸಿಸ್ ಶುರುವಾದಾಗಿನಿಂದ ಕಸಿಯಾಗಿ ವರ್ಷಗಳು ಕಳೆಯುವವರೆಗೂ ರೋಗಿಗಳ ಫೈಲು ನನ್ನ ಹತ್ತಿರವೇ ಇರುತ್ತದೆ. ಗದಗ, ರೋಣ, ಸವಣೂರು, ಹಾವೇರಿ, ರಾಣೆಬೆನ್ನೂರು ಕಡೆಯಿಂದ ಬರುವವರೇ ಜಾಸ್ತಿ. ಅವರ ಲಸಿಕೆ ಲೆಕ್ಕ ಇಡುವುದೂ ನನ್ನ ಕೆಲಸ.

"ಎಲ್ಲಾ ಸೂಜಿ ಮಾಡಿಸೇವ್ರಿ ಅಕ್ಕಾರ" ಅಂತಾರೆ. ಸುಳ್ಳಲ್ಲ, ಮಾಡಿಸಿರುತ್ತಾರೆ. ಆದರೆ ನನಗೆ ತಾರೀಖು ಬೇಕು. ಕಸಿಗೆ ಮುಂಚೆ ಮಾಡಿಸಿದ್ದೋ, ಆಮೇಲೋ? ಆಮೇಲೆ ಅಂದರೆ ಎಷ್ಟು ತಿಂಗಳಿಗೆ? ಆಗ ಯಾವ ಗುಳಿಗೆ ನಡೆದಿತ್ತು? ಒಂದೇ ಲಸಿಕೆ ಒಬ್ಬರಿಗೆ ಒಳ್ಳೆಯ ರಕ್ಷಣೆ ಕೊಟ್ಟು, ಇನ್ನೊಬ್ಬರಿಗೆ ಏನೂ ಕೊಡದೆ ಹೋಗಬಹುದು. ಇಬ್ಬರ ಕೈಯಲ್ಲೂ ಇರುವುದು ಮಾತ್ರ ಅದೇ ಕಾರ್ಡು.

ಕಾರಣ ನಾವೇ ಕೊಡುವ ಗುಳಿಗೆಗಳಲ್ಲಿದೆ. ಬೇರೆಯವರ ಕಿಡ್ನಿಯನ್ನು ದೇಹ ಪರಕೀಯ ಅಂತ ಗುರುತಿಸಿ ಹಾಳುಮಾಡಲು ನೋಡುತ್ತದೆ. ಅದನ್ನು ತಡೆಯಲು ನಮ್ಮಲ್ಲಿ ಹೆಚ್ಚಿನವರಿಗೆ ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್, ಪ್ರೆಡ್ನಿಸೊಲೋನ್ ಈ ಮೂರೂ ನಡೆಯುತ್ತವೆ. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಲ್ಲಿ ಟಿ, ಬಿ ಅಂತ ಎರಡು ಬಗೆ. ಟ್ಯಾಕ್ರೋಲಿಮಸ್ ಟಿ ಕಣಗಳನ್ನು ತಣ್ಣಗಿಡುತ್ತದೆ. ಮೈಕೋಫಿನೊಲೇಟ್ ಬಿ ಮತ್ತು ಟಿ ಕಣಗಳು ಬೆಳೆದು ಹೆಚ್ಚಾಗದಂತೆ ನೋಡಿಕೊಳ್ಳುತ್ತದೆ. ಲಸಿಕೆ ಕೆಲಸ ಮಾಡುವುದೂ ಇದೇ ಕಣಗಳ ಮೂಲಕ. ಅವು ರೋಗಾಣುವಿನ ಗುರುತು ಹಿಡಿದು, ಒಂದಕ್ಕೆ ಹತ್ತಾಗಿ, ಪ್ರತಿಕಾಯ ಅಂದರೆ ರೋಗಾಣುವನ್ನು ತಡೆಯುವ ಅಂಶ ತಯಾರಿಸಬೇಕು. ಕಿಡ್ನಿ ಉಳಿಸುವ ಗುಳಿಗೆಯೇ ಆ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಹೀಗಾಗಿ ಆದಷ್ಟೂ ಲಸಿಕೆಗಳನ್ನು ಕಸಿಗೆ ಮುಂಚೆಯೇ ಮುಗಿಸಲು ನಾವು ಒದ್ದಾಡುತ್ತೇವೆ. ರೋಣ ಕಡೆಯ ರೈತರೊಬ್ಬರಿಗೆ ಇದನ್ನು ವಿವರಿಸುತ್ತಿದ್ದಾಗ ಅವರೇ ಮಾತು ಹಿಡಿದರು: "ಹದಾ ಇದ್ದಾಗ ಬಿತ್ತಬೇಕ್ರಿ. ಹದಾ ಹೋದಮ್ಯಾಲೆ ಬೀಜ ಎಷ್ಟ್ ಚೊಲೋ ಇದ್ರೇನು?" ಈಗ ಎಲ್ಲರಿಗೂ ನಾನು ಅದೇ ಮಾತಿನಲ್ಲಿ ಹೇಳುತ್ತೇನೆ.

ನನ್ನ ಹೆಚ್ಚಿನ ಹೊತ್ತು ಹೋಗುವುದು ಹೆಪಟೈಟಿಸ್ ಬಿ ಲಸಿಕೆಗೆ. ಇದು ರಕ್ತದಿಂದ ಹರಡುವ ಕಾಯಿಲೆ. ಡಯಾಲಿಸಿಸ್‌ನಲ್ಲಿ ವಾರಕ್ಕೆ ಎರಡು ಮೂರು ಸಲ ರಕ್ತ ಹೊರಗೆ ಬಂದು ಒಳಗೆ ಹೋಗುತ್ತದೆ, ಅಲ್ವಾ? ಕಸಿಯಾದ ಮೇಲೆ ವೈರಸ್ ಒಳಗಿದ್ದರೆ ಗುಳಿಗೆಗಳ ದೆಸೆಯಿಂದ ಅದು ಬಲಿಯುತ್ತದೆ, ಲಿವರ್ ಕೆಡುತ್ತದೆ. ಕಿಡ್ನಿ ಕೆಟ್ಟವರ ದೇಹ ಗುಳಿಗೆಗೆ ಮುಂಚೆಯೇ ಅರ್ಧ ದಣಿದಿರುತ್ತದೆ. ಆದ್ದರಿಂದ ಮಾಮೂಲಿ ದೊಡ್ಡವರಿಗೆ 20 ಮೈಕ್ರೊಗ್ರಾಂ ಕೊಟ್ಟರೆ ಡಯಾಲಿಸಿಸ್ ರೋಗಿಗೆ 40 ಕೊಡುತ್ತೇವೆ. ಮೊದಲ ಡೋಸ್ ಆದ ಮೇಲೆ 1, 2 ಮತ್ತು 6ನೇ ತಿಂಗಳಿಗೆ, ಒಟ್ಟು ನಾಲ್ಕು ಸಲ.

40 ಮೈಕ್ರೊಗ್ರಾಂ ಅಂದರೆ ನಾವು ಬಳಸುವ ಲಸಿಕೆಯಲ್ಲಿ 2 ಎಂಎಲ್. ಒಂದೊಂದು ತೋಳಿಗೆ 1 ಎಂಎಲ್ ಹಾಕಿದರೆ ಸುಲಭ. ಆದರೆ ಇವರಿಗೆ ಒಂದು ಕೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಜೋಡಿಸಿದ ಜಾಗ ಇರುತ್ತದೆ. ಮುಟ್ಟಿದರೆ ಗುಂಯ್ ಅಂತ ಬೆರಳಿಗೆ ಕಂಪನ ಸಿಗುತ್ತದೆ. ಆ ಕೈಗೆ ಬಿಪಿ ಪಟ್ಟಿ ಕಟ್ಟುವಂತಿಲ್ಲ, ರಕ್ತ ತೆಗೆಯುವಂತಿಲ್ಲ, ಲಸಿಕೆಯ ಸೂಜಿಯನ್ನೂ ಚುಚ್ಚುವುದಿಲ್ಲ. ಹಾಗಾಗಿ ಇನ್ನೊಂದೇ ತೋಳಿನಲ್ಲಿ ಸ್ವಲ್ಪ ಅಂತರ ಬಿಟ್ಟು ಎರಡು ಕಡೆ ಹಾಕುತ್ತೇನೆ. "ಕುಂಡಿಗೆ ಹಾಕ್ರಿ ಅಕ್ಕಾರ, ತೋಳು ನೋವಾಕ್ಕೈತಿ" ಅನ್ನುವವರಿದ್ದಾರೆ. ಒಪ್ಪುವುದಿಲ್ಲ. ಅಲ್ಲಿ ಲಸಿಕೆ ಕೊಬ್ಬಿನಲ್ಲಿ ಕೂತು ಸರಿಯಾಗಿ ಕೆಲಸ ಮಾಡುವುದಿಲ್ಲ.

ಇನ್ನೊಂದು ತೊಂದರೆ ದಾರಿಯದ್ದು. ಕೆಲವರು ಲಸಿಕೆಯನ್ನು ಹುಬ್ಬಳ್ಳಿಯಲ್ಲಿ ಕೊಂಡು ಊರಿನ ಡಾಕ್ಟರ ಹತ್ತಿರ ಹಾಕಿಸಿಕೊಳ್ಳುತ್ತಾರೆ. ಅದನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಬಿಸಿಲಿಗೆ ಹೆದರಿ ಬಾಟಲಿಯನ್ನು ನೇರ ಐಸ್‌ಗೆ ಒತ್ತಿ ಒಯ್ಯುತ್ತಾರೆ. ಈ ಲಸಿಕೆ ಬಿಸಿಗಿಂತ ಬೇಗ ಕೆಡುವುದು ಹೆಪ್ಪುಗಟ್ಟಿದರೆ. ಅದರಲ್ಲಿರುವ ಅಲ್ಯುಮಿನಿಯಂ ಲವಣ ಒಡೆದು ತಳ ಸೇರುತ್ತದೆ, ಮತ್ತೆ ಕರಗಿಸಿದರೂ ಮೊದಲಿನಂತಾಗುವುದಿಲ್ಲ. ಅದಕ್ಕೇ ಡಬ್ಬಿ ಸಮೇತ ದಪ್ಪ ಕಾಗದದಲ್ಲಿ ಸುತ್ತಿ, ಐಸ್ ಪ್ಯಾಕಿಗೆ ತಾಗದ ಹಾಗೆ ಇಟ್ಟು ಕಳಿಸುತ್ತೇನೆ. ಆಗುವುದಾದರೆ ಡಯಾಲಿಸಿಸ್ ದಿನವೇ ಇಲ್ಲೇ ಹಾಕಿಬಿಡುತ್ತೇವೆ, ಅದೇ ನೆಮ್ಮದಿ.

ನಾಲ್ಕೂ ಡೋಸ್ ಆದ ಮೇಲೆ ಒಂದೆರಡು ತಿಂಗಳು ಬಿಟ್ಟು ರಕ್ತ ಪರೀಕ್ಷೆ ಮಾಡಿಸುತ್ತೇವೆ. ಇಲ್ಲೇ ಜಾಸ್ತಿ ಗೊಂದಲ. ಬಹಳ ಜನ "ಎಚ್‌ಬಿಎಸ್‌ಎಜಿ ನೆಗೆಟಿವ್" ಅನ್ನುವ ರಿಪೋರ್ಟು ತಂದು ಖುಷಿಯಿಂದ ತೋರಿಸುತ್ತಾರೆ. ಅದು ಸೋಂಕು ಇಲ್ಲ ಅನ್ನುತ್ತದೆ, ಅಷ್ಟೇ. ರಕ್ಷಣೆ ಬಂತೋ ಇಲ್ಲವೋ ಹೇಳುವುದು "ಆಂಟಿ ಎಚ್‌ಬಿಎಸ್" ಟೈಟರ್, ಅಂದರೆ ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಅನ್ನುವ ಲೆಕ್ಕ. ಅದು 10ಕ್ಕಿಂತ ಕಡಿಮೆ ಬಂದರೆ ಇನ್ನೊಂದು ಸುತ್ತು ಲಸಿಕೆ ಹಾಕುತ್ತೇವೆ. ಚೀಟಿಯಲ್ಲಿ ಪರೀಕ್ಷೆಯ ಹೆಸರನ್ನು ನಾನೇ ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆಯುತ್ತೇನೆ. ಲಸಿಕೆ ಹಾಕಿದ ಮೊದಲ ಎರಡು ಮೂರು ವಾರ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಬೇಡಿ ಅಂತಲೂ ಬರೆಯುತ್ತೇನೆ. ಲಸಿಕೆಯಲ್ಲಿರುವ ಅಂಶವೇ ರಕ್ತದಲ್ಲಿ ಸಿಕ್ಕು ಸುಮ್ನೆ ಪಾಸಿಟಿವ್ ಬರಬಹುದು. ಅಂಥ ಒಂದು ರಿಪೋರ್ಟು ಇಡೀ ಮನೆಯನ್ನು ಅಳಿಸಿಬಿಡುತ್ತದೆ. ಒಮ್ಮೆ ಟೈಟರ್ ಬಂತು ಅಂತ ಬಿಡುವ ಹಾಗೂ ಇಲ್ಲ. ವರ್ಷಕ್ಕೊಮ್ಮೆ ನೋಡುತ್ತೇವೆ, ಇಳಿದಿದ್ದರೆ ಬೂಸ್ಟರ್.

ಚಿಕನ್ ಪಾಕ್ಸ್ ಮತ್ತು ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗಳ ಮಾತು ಬೇರೆ. ಅವುಗಳಲ್ಲಿ ಬಲ ಕುಂದಿಸಿದ ಜೀವಂತ ವೈರಸ್ ಇರುತ್ತದೆ. ಕಸಿಗೆ ಕನಿಷ್ಠ ನಾಲ್ಕು ವಾರ ಮುಂಚೆ ಕೊಡಬಹುದು. ಕಸಿಯಾದ ಮೇಲೆ ಕೊಡುವುದಿಲ್ಲ. ಆ ವೈರಸ್ಸನ್ನು ಹತೋಟಿಯಲ್ಲಿಡುವ ಶಕ್ತಿ ಆಗ ದೇಹಕ್ಕೆ ಇರುವುದಿಲ್ಲ. ಓಣಿಯಲ್ಲಿ ಯಾರಿಗಾದರೂ "ಅಮ್ಮ ಬಂದಾಳ" ಅಂತ ಗೊತ್ತಾದರೆ, ಕಸಿಯಾದವರು ಅವರ ಹತ್ತಿರ ಹೋಗಿದ್ದರೆ, ಗುಳ್ಳೆ ಏಳುವವರೆಗೆ ಕಾಯದೆ ಅದೇ ದಿನ ಫೋನ್ ಮಾಡಿ ಅಂತ ಹೇಳಿಟ್ಟಿರುತ್ತೇನೆ.

ಕೋವಿಡ್ ಕಾಲದಲ್ಲಿ ಇದೆಲ್ಲ ಎಲ್ಲರ ಕಣ್ಣಿಗೂ ಬಿತ್ತು. 2021ರ ಮಾರ್ಚ್ 1ರಿಂದ 60 ದಾಟಿದವರಿಗೂ, 45 ದಾಟಿ ಬೇರೆ ಕಾಯಿಲೆ ಇದ್ದವರಿಗೂ ಲಸಿಕೆ ಶುರುವಾಯಿತು. ಆ ಕಾಯಿಲೆಗಳ ಪಟ್ಟಿಯಲ್ಲಿ ಕಸಿಯಾದವರೂ ಇದ್ದರು. ಕೋವಿಶೀಲ್ಡ್ ಆಗಲಿ ಕೋವ್ಯಾಕ್ಸಿನ್ ಆಗಲಿ ದೇಹದೊಳಗೆ ಬೆಳೆಯುವಂಥ ವೈರಸ್ ಇರುವ ಲಸಿಕೆಗಳಲ್ಲ, ಹಾಗಾಗಿ ಧೈರ್ಯವಾಗಿ ಹಾಕಿಸಿಕೊಳ್ಳಿ ಅಂದೆವು. ಅದೇ ಹೊತ್ತಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡದ ಅಧ್ಯಯನಗಳು ಬಂದವು. ಎಂಆರ್‌ಎನ್‌ಎ (ಫೈಜರ್, ಮೊಡೆರ್ನಾ) ಲಸಿಕೆಯ ಒಂದು ಡೋಸ್ ಪಡೆದ 436 ಕಸಿ ರೋಗಿಗಳಲ್ಲಿ ಪ್ರತಿಕಾಯ ಕಂಡಿದ್ದು 17% ಜನರಲ್ಲಿ. ಎರಡು ಡೋಸ್ ಪಡೆದ 658 ಜನರಲ್ಲಿ 54%. ಮೈಕೋಫಿನೊಲೇಟ್‌ನಂಥ ಗುಳಿಗೆ ತೆಗೆದುಕೊಳ್ಳುತ್ತಿದ್ದವರಲ್ಲಿ ಎರಡು ಡೋಸ್ ಆದರೂ 57% ಜನರಿಗೆ ಪ್ರತಿಕಾಯವೇ ಬಂದಿರಲಿಲ್ಲ. ಆ ಗುಳಿಗೆ ಇಲ್ಲದವರಲ್ಲಿ ಹಾಗಾಗಿದ್ದು 18% ಜನರಿಗೆ ಮಾತ್ರ. ನಮ್ಮವರು ಪಡೆದ ಲಸಿಕೆ ಬೇರೆ. ಆದರೆ ಗುಳಿಗೆ ಅವೇ ಅಲ್ವಾ?

ಈ ಸುದ್ದಿ ಫೋನಿಗೆ ಬಂದ ಮೇಲೆ ಬೆಟಗೇರಿಯ ತರುಣ ನೇಕಾರರೊಬ್ಬರು ಕೇಳಿದರು: "ಹಂಗಾದ್ರ ಒಂದೀಟು ದಿನ ಆ ಗುಳಿಗಿ ಬಿಡ್ಲೇನ್ರಿ?" ನನ್ನ ಎದೆ ಧಸಕ್ ಅಂದಿತು. ಬಿಟ್ಟರೆ ದೇಹ ಕಿಡ್ನಿಯನ್ನೇ ಹೊಡೆಯಬಹುದು. ಅವರ ತಾಯಿ ಕೊಟ್ಟ ಕಿಡ್ನಿ ಅದು. ಡಾಕ್ಟರು ಹೇಳದೆ ಒಂದು ಹೊತ್ತಿನ ಗುಳಿಗೆಯನ್ನೂ ಬಿಡಬೇಡಿ ಅಂತ ಅವತ್ತೇ ನಮ್ಮ ಎಲ್ಲಾ ರೋಗಿಗಳಿಗೂ ಮೆಸೇಜು ಕಳಿಸಿದೆ. ಇವತ್ತಿಗೂ ಲಸಿಕೆಯ ಮಾತು ಬಂದಾಗಲೆಲ್ಲ ಇದನ್ನು ಸೇರಿಸಿಯೇ ಹೇಳುತ್ತೇನೆ.

ಮೂರನೇ ಡೋಸ್‌ನಿಂದ ಸ್ವಲ್ಪ ಆಸೆ ಹುಟ್ಟಿತು. ಫ್ರಾನ್ಸಿನ ಟುಲೂಸ್‌ನಲ್ಲಿ 101 ಕಸಿ ರೋಗಿಗಳಿಗೆ ಮೂರನೆಯದು ಕೊಟ್ಟಾಗ ಪ್ರತಿಕಾಯ ಇದ್ದವರು 40%ರಿಂದ 68%ಕ್ಕೆ ಏರಿದರು. ನಮ್ಮ ದೇಶದಲ್ಲಿ ಮುನ್ನೆಚ್ಚರಿಕೆ ಡೋಸ್ ಅನ್ನುವ ಹೆಸರಿನಲ್ಲಿ ಈ ಮೂರನೆಯದು ಶುರುವಾಗಿದ್ದು 2022ರ ಜನವರಿ 10ಕ್ಕೆ. ಅದು ಆರೋಗ್ಯ ಸಿಬ್ಬಂದಿ, ಮುಂಚೂಣಿ ಕಾರ್ಯಕರ್ತರು ಮತ್ತು ಬೇರೆ ಕಾಯಿಲೆ ಇದ್ದ 60 ದಾಟಿದವರಿಗೆ ಮಾತ್ರ. ನಮ್ಮ ಕಸಿ ರೋಗಿಗಳಲ್ಲಿ ಮೂವತ್ತು, ನಲವತ್ತರ ವಯಸ್ಸಿನವರೇ ಜಾಸ್ತಿ. ಅವರಿಗೆ ಅವಕಾಶ ಸಿಕ್ಕಿದ್ದು ಏಪ್ರಿಲ್ 10ರ ನಂತರ, ಅದೂ ಖಾಸಗಿ ಕೇಂದ್ರದಲ್ಲಿ ದುಡ್ಡು ಕೊಟ್ಟು. ಆ ನಡುವಿನ ತಿಂಗಳುಗಳು ನನಗೆ ತುಂಬಾ ಕಷ್ಟ ಕೊಟ್ಟವು. ಪ್ರತಿಕಾಯ ಕಾಣದಿದ್ದರೆ ಲಸಿಕೆ ವ್ಯರ್ಥ ಅಂತಲ್ಲ, ಟಿ ಕಣಗಳ ಪಾಲು ಆ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಆದರೂ ಎರಡು ಡೋಸ್ ಆಯಿತು ಅಂತ ಮಾಸ್ಕ್ ಬಿಚ್ಚಿ ಮದುವೆ, ಜಾತ್ರೆಗೆ ಹೊರಟವರನ್ನು ತಡೆಯುವುದು ಸುಲಭವಿರಲಿಲ್ಲ.

ಆಗಿನಿಂದ ನಾನು ರೋಗಿಯ ಫೈಲಿನಲ್ಲೇ ಮನೆಯವರ ಲಸಿಕೆಗೂ ಒಂದು ಹಾಳೆ ಇಟ್ಟೆ. ಒಂದೇ ಅಡುಗೆಮನೆಯಲ್ಲಿ ಉಣ್ಣುವವರೆಲ್ಲರ ಹೆಸರು ಬರೆಯುತ್ತೇನೆ. ರೋಗಿಯ ದೇಹದಲ್ಲಿ ಲಸಿಕೆ ಪೂರ್ತಿ ಕೆಲಸ ಮಾಡದಿದ್ದರೂ ಸೊಸೆ, ಮಗ, ಮೊಮ್ಮಕ್ಕಳ ದೇಹದಲ್ಲಿ ಮಾಡುತ್ತದೆ. ಅವರ ಮೂಲಕ ಸೋಂಕು ಒಳಗೆ ಬರುವುದು ಕಡಿಮೆಯಾಗುತ್ತದೆ. ಮನೆಯವರು ಎಂಎಂಆರ್, ಚಿಕನ್ ಪಾಕ್ಸ್ ಲಸಿಕೆಯನ್ನೂ ಹಾಕಿಸಿಕೊಳ್ಳಬಹುದು.

ಕೂಸು ಇರುವ ಮನೆಯಾದರೆ ಇನ್ನೊಂದು ವಿಷಯ ಕೂತು ಹೇಳುತ್ತೇನೆ. ಪೋಲಿಯೊ ಹನಿಯಲ್ಲೂ ರೋಟಾವೈರಸ್ ಲಸಿಕೆಯಲ್ಲೂ ಇರುವುದು ಜೀವಂತ ವೈರಸ್. ಕೆಲವು ವಾರ ಅದು ಕೂಸಿನ ಮಲದಲ್ಲಿ ಹೊರಬರುತ್ತದೆ. ಹಾವೇರಿ ಕಡೆಯ ಒಬ್ಬ ಅಜ್ಜಿಗೆ ಕಸಿಯಾಗಿ ಕೆಲವೇ ತಿಂಗಳಾಗಿತ್ತು, ಮನೆಯಲ್ಲಿ ಮೊಮ್ಮಗಳು ಹುಟ್ಟಿದ್ದಳು. ಸೊಸೆ ಕೇಳಿದಳು: "ಹಂಗಾದ್ರ ಕೂಸಿಗೆ ಹನಿ ಹಾಕಿಸೂದ ಬ್ಯಾಡೇನ್ರಿ?" ಕೂಸಿನ ಲಸಿಕೆ ಯಾವುದನ್ನೂ ತಪ್ಪಿಸಬೇಡಿ, ಆದರೆ ಪೋಲಿಯೊಗೆ ಹನಿಯ ಬದಲು ಇಂಜೆಕ್ಷನ್ ಹಾಕಿಸಬಹುದೇ ಅಂತ ಮೊದಲು ಡಾಕ್ಟರನ್ನು ಕೇಳಿ ಅಂದೆ. ಹನಿ ಹಾಕಿಸಿದ ಮೇಲೆ ಒಂದು ತಿಂಗಳು ಅಜ್ಜಿ ಕೂಸಿನ ಕುಂಡಿ ತೊಳೆಯುವುದು, ಬಟ್ಟೆ ಬದಲಿಸುವುದು ಬೇಡ. ಬೇರೆಯವರು ಮಾಡಲಿ, ಮಾಡಿದವರು ಸೋಪು ಹಚ್ಚಿ ಕೈ ತೊಳೆಯಲಿ. ಅಜ್ಜಿಗೆ ಬೇಜಾರಾಯಿತು. "ಎತ್ಕೊಂಡು ಆಡಿಸ್ಬೋದಲ್ಲ?" ಅಂದರು. ಧಾರಾಳವಾಗಿ ಅಂದೆ.

ಉಳಿದವು ಅಷ್ಟು ಕಷ್ಟವಿಲ್ಲ. ಫ್ಲೂ ಇಂಜೆಕ್ಷನ್ ಪ್ರತಿ ವರ್ಷ, ಮಳೆಗಾಲಕ್ಕೆ ಮುಂಚೆ. ಮೂಗಿಗೆ ಬಿಡುವ ಫ್ಲೂ ಲಸಿಕೆ ಜೀವಂತ ವೈರಸ್ಸಿನದ್ದು, ಅದು ಇವರಿಗೆ ಬೇಡ. ನ್ಯುಮೋನಿಯಾಗೆ ಎರಡು ಲಸಿಕೆ: ಮೊದಲು ಪಿಸಿವಿ 13, ಎಂಟು ವಾರ ಬಿಟ್ಟು ಪಿಪಿಎಸ್‌ವಿ 23, ಐದು ವರ್ಷಕ್ಕೆ ಅದು ಇನ್ನೊಮ್ಮೆ. ಸರ್ಪಸುತ್ತಿಗೆ ಜೀವಂತ ವೈರಸ್ ಇಲ್ಲದ ಹೊಸ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತಿದೆ. ಅದು ದುಬಾರಿ, ಎರಡು ಡೋಸ್ ಬೇಕು. ಐವತ್ತು ದಾಟಿ ಕಸಿಗೆ ಕಾಯುತ್ತಿರುವವರಿಗೆ ಈಗ ನಾನು ಮೊದಲ ಭೇಟಿಯಲ್ಲೇ ಅದನ್ನು ಹೇಳಿಬಿಡುತ್ತೇನೆ, ದುಡ್ಡು ಹೊಂದಿಸಿಕೊಳ್ಳಲು ಅವರಿಗೆ ಸಮಯ ಸಿಗಲಿ ಅಂತ.