ನೆರೆ ಬರುವ ತಿಂಗಳಿನಿಂದ ಆರಂಭವಾಗುವ ಪಾಠ

ಪದವಿಪೂರ್ವ ತರಗತಿಯಲ್ಲಿ ಪ್ರಾಚೀನ ನದಿ ಕಣಿವೆ ನಾಗರಿಕತೆಗಳನ್ನು ಬೋಧಿಸುವಾಗ, ಹೆಚ್ಚುವರಿ ಉತ್ಪಾದನೆ, ಶ್ರಮವಿಭಜನೆ, ನಗರೀಕರಣ, ಪ್ರಭುತ್ವ ಎಂಬ ಪರಿಕಲ್ಪನೆಗಳ ವ್ಯಾಖ್ಯೆಗಳನ್ನು ನಾನು ಕೊನೆಗೆ ಇರಿಸಿಕೊಂಡು, ಆಯಾ ನದಿಗೆ ನೆರೆ ಬರುತ್ತಿದ್ದ ತಿಂಗಳಿನಿಂದ ಪಾಠವನ್ನು ಆರಂಭಿಸುತ್ತೇನೆ.

ಹಲಗೆಯ ಮೇಲೆ ಹನ್ನೆರಡು ತಿಂಗಳುಗಳನ್ನು ಬರೆದು, ಒಂದು ಸಾಲಿನಲ್ಲಿ ನೆರೆಯನ್ನೂ ಇನ್ನೊಂದರಲ್ಲಿ ಬಿತ್ತನೆ ಮತ್ತು ಕೊಯ್ಲನ್ನೂ ವಿದ್ಯಾರ್ಥಿಗಳಿಂದ ಗುರುತು ಮಾಡಿಸುತ್ತೇನೆ. ಇಥಿಯೋಪಿಯದ ಎತ್ತರದ ಪ್ರದೇಶಗಳ ಮಳೆಯಿಂದ ನೈಲ್ ನದಿಯು ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಉಕ್ಕಿ, ಹೊಲಗಳಿಗೆ ಮೆಕ್ಕಲು ಮಣ್ಣನ್ನು ಹಾಸಿ, ಗೋಧಿ ಮತ್ತು ಬಾರ್ಲಿಯನ್ನು ಬಿತ್ತುವ ಹೊತ್ತಿಗೆ ಇಳಿಯುತ್ತಿತ್ತು. ಇಂದಿನ ಇರಾಕ್‌ನಲ್ಲಿ ಹರಿಯುವ ಟೈಗ್ರಿಸ್ ಮತ್ತು ಯೂಫ್ರಟಿಸ್ ನದಿಗಳಾದರೋ ಹಿಮ ಕರಗುವ ಏಪ್ರಿಲ್–ಮೇ ತಿಂಗಳುಗಳಲ್ಲಿ, ಪೈರು ಕೊಯ್ಲಿಗೆ ಬಂದಿರುವಾಗ ಉಕ್ಕುತ್ತಿದ್ದವು. ಬಿತ್ತನೆಯ ಕಾಲದಲ್ಲಿ ಅವುಗಳಲ್ಲಿ ನೀರು ಕಡಿಮೆಯಿರುತ್ತಿತ್ತು. ಆದ್ದರಿಂದ ಅಲ್ಲಿನ ರೈತನಿಗೆ ಬೆಳೆಯನ್ನು ಕಾಯಲು ಒಡ್ಡೂ ಬೆಳೆಸಲು ಕಾಲುವೆಯೂ ಬೇಕಾದವು. ಫಲವತ್ತಾದ ಮಣ್ಣಿದ್ದುದರಿಂದಲೇ ನಾಗರಿಕತೆ ಹುಟ್ಟಿತೆಂಬ ಮಾತು ಎಷ್ಟು ಅಪೂರ್ಣವೆಂಬುದು ಹಿಂಗಾರು ಬಿತ್ತನೆಯನ್ನು ಕಂಡ ಹಳ್ಳಿಯ ಮಕ್ಕಳಿಗೆ ಬೇಗನೆ ತಿಳಿಯುತ್ತದೆ.

ಕಾಲುವೆಯ ಹೂಳೆತ್ತಲು ಜನ ಬೇಕು, ಅವರ ಹೊಟ್ಟೆಗೆ ಧಾನ್ಯ ಬೇಕು, ಧಾನ್ಯಕ್ಕೆ ಲೆಕ್ಕ ಬೇಕು. ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದ ಕೊನೆಯ ಕಾಲದ, ಅದೇ ಯೂಫ್ರಟಿಸ್ ಬಯಲಿನ ಉರುಕ್ ನಗರದ ಮಣ್ಣಿನ ಫಲಕಗಳಲ್ಲಿ ಬಹುಪಾಲು ಇಂಥ ಲೆಕ್ಕಗಳೇ ಇವೆ. ಆದರೆ ನೀರಾವರಿಯೇ ಪ್ರಭುತ್ವವನ್ನು ಸೃಷ್ಟಿಸಿತೆಂಬ ಸುಲಭದ ತೀರ್ಮಾನವನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಈಜಿಪ್ಟಿನಲ್ಲಿ ನೀರಿನ ನಿರ್ವಹಣೆ ಬಹುಮಟ್ಟಿಗೆ ಆಯಾ ಊರಿನ ಹಂತದಲ್ಲಿಯೇ ನಡೆಯುತ್ತಿತ್ತು.

ಪ್ರಭುತ್ವದ ಪರಿಕಲ್ಪನೆ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಸಿಂಧೂ ಕಣಿವೆಯಲ್ಲಿ. ಪುರಾತತ್ತ್ವಜ್ಞ ಗಾರ್ಡನ್ ಚೈಲ್ಡ್ 1950ರಲ್ಲಿ ಪಟ್ಟಿಮಾಡಿದ ನಗರದ ಹತ್ತು ಲಕ್ಷಣಗಳನ್ನು ಹರಪ್ಪ ಸಂಸ್ಕೃತಿಗೆ ಅನ್ವಯಿಸಿದಾಗ, ಅರಮನೆಯೆಂದು ಖಚಿತವಾಗಿ ಹೇಳಬಹುದಾದ ಕಟ್ಟಡವಾಗಲಿ ರಾಜನ ಸಮಾಧಿಯಾಗಲಿ ದೊರೆಯುವುದಿಲ್ಲ. ಲಿಪಿಯನ್ನು ಇನ್ನೂ ಓದಲಾಗಿಲ್ಲ. ಹಾಗಿದ್ದೂ ಇಟ್ಟಿಗೆಗಳ ದಪ್ಪ, ಅಗಲ, ಉದ್ದಗಳು 1:2:4ರ ಪ್ರಮಾಣದಲ್ಲಿವೆ. ಹರಪ್ಪದ ತೂಕದ ಕಲ್ಲುಗಳ ಪದ್ಧತಿಯೇ ಅಲ್ಲಿಂದ ಸುಮಾರು 900 ಕಿಲೋಮೀಟರ್ ದೂರದಲ್ಲಿ, ಕನ್ನಡಿಗರಾದ ಎಸ್.ಆರ್. ರಾವ್ ಅವರು ಉತ್ಖನನ ಮಾಡಿಸಿದ ಗುಜರಾತಿನ ಲೋಥಾಲ್‌ನಲ್ಲಿಯೂ ಕಾಣಿಸುತ್ತದೆ. ಈ ಏಕರೂಪತೆಯನ್ನು ಜಾರಿಗೆ ತಂದವರು ಯಾರು? ಒಬ್ಬ ದೊರೆಯೇ, ನಗರಗಳ ಪ್ರತ್ಯೇಕ ಆಡಳಿತಗಳೇ ಅಥವಾ ವರ್ತಕರ ಪರಸ್ಪರ ಒಪ್ಪಂದವೇ ಎಂಬುದನ್ನು ವಿದ್ಯಾರ್ಥಿಗಳು ಪುರಾವೆಯೊಡನೆ ವಾದಿಸಬೇಕು. ಪುರಾವೆಯನ್ನೂ ಊಹೆಯನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆಯಿಸುತ್ತೇನೆ. ಒಂದೂ ವಸ್ತುವನ್ನು ಹೆಸರಿಸದೆ ಬಲಿಷ್ಠ ಕೇಂದ್ರ ಸರ್ಕಾರವಿತ್ತೆಂದು ಬರೆದ ಉತ್ತರವನ್ನು, ಭಾಷೆ ಎಷ್ಟೇ ಸೊಗಸಾಗಿದ್ದರೂ, ತಿದ್ದಿ ಬರೆಯಲು ಹಿಂದಿರುಗಿಸುತ್ತೇನೆ.