ದುಬೈಗೆ ಬರುವ ಬೀದರ್‌ನವರಿಗೆ: ಮೊದಲು ಕ್ರೀಕ್ ದಾಟಿ

ರಜೆಗೆ ಬೀದರ್‌ಗೆ ಬಂದಾಗಲೆಲ್ಲ ಓಣಿಯ ಹುಡುಗರು ಮೊದಲು ಕೇಳುವುದು ಬುರ್ಜ್ ಖಲೀಫಾ ಬಗ್ಗೆ. 828 ಮೀಟರ್ ಎತ್ತರ, ನೋಡಲೇಬೇಕು. ಆದರೆ ಅದಕ್ಕೆ ಅವಸರ ಬೇಡ, ಮೆಟ್ರೊದಲ್ಲಿ ಹೋಗುವಾಗಲೂ ಕಣ್ಣಿಗೆ ಬೀಳುತ್ತದೆ. ನಾನು ದುಬೈ ಸೇರಿ ಹದಿನಾಲ್ಕು ವರ್ಷವಾಯಿತು. ಊರಿಂದ ಹೊಸಬರು ಬಂದರೆ ಮೊದಲ ರಜೆಯ ದಿನ ಕ್ರೀಕ್‌ಗೆ ಕರೆದುಕೊಂಡು ಹೋಗುತ್ತೇನೆ.

ಸಮುದ್ರದ ನೀರು ಊರೊಳಗೆ ನುಗ್ಗಿ ಬಂದ ಜಾಗ ಅದು. ಅರಬಿಯಲ್ಲಿ ಖೋರ್ ಅನ್ನುತ್ತಾರೆ. ಈ ದಂಡೆ ಬರ್ ದುಬೈ, ಆ ದಂಡೆ ದೇರಾ. ದಾಟಲು ಅಬ್ರಾ ಎಂಬ ಕಟ್ಟಿಗೆಯ ದೋಣಿ ಇದೆ. ಒಂದು ದಿರ್ಹಮ್ ಕೊಟ್ಟರೆ ಸಾಕು, ಚಿಲ್ಲರೆ ಕೈಯಲ್ಲಿರಲಿ. ಒಂದೇ ಹಲಗೆಯ ಮೇಲೆ ಪಠಾಣ, ಬಂಗಾಲಿ, ಫಿಲಿಪಿನೊ, ಮಲಯಾಳಿ, ಇರಾನಿ ಎಲ್ಲರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರುತ್ತಾರೆ. ಸಂಜೆಯಾದರೆ ಎರಡೂ ದಂಡೆಯಿಂದ ಆಜಾನ್ ಕೇಳುತ್ತದೆ. ಇಷ್ಟು ವರ್ಷವಾದರೂ ಆ ಹೊತ್ತು ನನಗೆ ಬೇಸರ ಬಂದಿಲ್ಲ.

ಅರಬಿ ಬರುವುದಿಲ್ಲ ಅಂತ ಹೆದರಬೇಡಿ. ನಮ್ಮೂರಲ್ಲಿ ಕನ್ನಡದ ಜೊತೆಗೆ ದಖನಿ, ಮರಾಠಿ, ತೆಲುಗು ಕೇಳುತ್ತಲೇ ಬೆಳೆದಿದ್ದೇವೆ, ಅಲ್ವಾ? ದುಬೈನ ಬಜಾರಿನಲ್ಲಿ ಹಿಂದಿ-ಉರ್ದು ಎಲ್ಲ ಕಡೆ ನಡೆಯುತ್ತದೆ. ಮೊದಲ ತಿಂಗಳು ನಾನು ನಾಚಿಕೊಂಡು ಅರೆಬರೆ ಇಂಗ್ಲಿಷ್ ಆಡುತ್ತಿದ್ದೆ. ಒಂದು ದಿನ ಮಸಾಲೆ ಅಂಗಡಿಯಲ್ಲಿ ಬಾಯಿತಪ್ಪಿ ದಖನಿಯಲ್ಲಿ ‘ನಕ್ಕೋ’, ಅಂದರೆ ಬೇಡ, ಅಂದೆ. ಅಂಗಡಿಯವರು ಹೈದರಾಬಾದಿನವರು. ಅವತ್ತು ಚಹಾ ಕುಡಿಸಿಯೇ ಕಳಿಸಿದರು.

ದೇರಾ ದಂಡೆಯಲ್ಲಿ ಇಳಿದರೆ ಮಸಾಲೆ ಬಜಾರು: ಕೇಸರಿ, ಲೋಬಾನ, ಒಣಗಿಸಿದ ಕರಿ ನಿಂಬೆ. ಸ್ವಲ್ಪ ಮುಂದೆ ಚಿನ್ನದ ಬಜಾರು. ಎರಡಕ್ಕಿಂತ ನನಗೆ ಇಷ್ಟ ದಂಡೆಗೆ ಕಟ್ಟಿದ ಧೋ ಹಡಗುಗಳು. ಟೈರು, ಫ್ರಿಜ್, ಅಕ್ಕಿ ಚೀಲ ತುಂಬಿಕೊಂಡು ಇರಾನ್, ಸೊಮಾಲಿಯಾ ಕಡೆ ಹೋಗುತ್ತವೆ. ಹಡಗಿನಲ್ಲಿ ಗುಜರಾತಿನ ಕಚ್ಛ್ ಕಡೆಯವರೂ ಸಿಗುತ್ತಾರೆ. ದುಬೈಗೆ ಎಣ್ಣೆ ಸಿಕ್ಕಿದ್ದು 1966ರಲ್ಲಿ. ಅದಕ್ಕೂ ಮೊದಲೇ ಸಾಲ ಮಾಡಿ ಕ್ರೀಕ್‌ನ ಹೂಳೆತ್ತಿಸಿದ್ದರು, ದೊಡ್ಡ ಹಡಗು ಒಳಗೆ ಬರಲಿ ಅಂತ. ಆಗೆಲ್ಲ ಅಲ್ಲಿ ನಡೆಯುತ್ತಿದ್ದದ್ದು ರೂಪಾಯಿ. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿ ನಾಡುಗಳಿಗೆಂದೇ ಬೇರೆ ನೋಟು ತಂದಿತ್ತು.

ಬರ್ ದುಬೈ ಕಡೆ ಅಲ್ ಫಹೀದಿ ಓಣಿಗಳಿವೆ. ಇರಾನಿನ ಬಸ್ತಕ್ ಕಡೆಯ ವ್ಯಾಪಾರಿಗಳು ಕಟ್ಟಿದ ಮನೆಗಳು. ಮಾಳಿಗೆಯ ಮೇಲೆ ಗಾಳಿ ಹಿಡಿದು ಒಳಗೆ ಇಳಿಸುವ ಚೌಕ ಗೋಪುರ, ಅದಕ್ಕೆ ಬರ್ಜೀಲ್ ಅಂತ ಹೆಸರು. ಇಲ್ಲಿ ನಿಂತಾಗ ನನಗೆ ಗವಾನ್ ಮದರಸಾ ನೆನಪಾಗುತ್ತದೆ. ಮಹಮೂದ್ ಗವಾನ್ ಕೂಡ ಇರಾನಿನ ಗಿಲಾನ್‌ನಿಂದ ವ್ಯಾಪಾರಿಯಾಗಿ ಸಮುದ್ರ ದಾಟಿ ಬಂದವರು. ಬೀದರ್‌ನ ಮದರಸಾ ಕಟ್ಟಿಸಿದ್ದು 1472ರಲ್ಲಿ. ನೌಬಾದ್‌ನ ಕರೇಜ್ ನೋಡಿದವರು ಒಂದು ರಜೆಯ ದಿನ ಬಸ್ ಹತ್ತಿ ಅಲ್ ಐನ್‌ಗೆ ಹೋಗಿ. ನೆಲದಡಿಯಿಂದ ನೀರು ತರುವ ಅದೇ ಜಾಣತನ ಅಲ್ಲೂ ಇದೆ, ಫಲಜ್ ಅನ್ನುತ್ತಾರೆ. ಅದರ ನೀರು ಖರ್ಜೂರದ ತೋಟಕ್ಕೆ ಇವತ್ತಿಗೂ ಹರಿಯುತ್ತದೆ.

ಜೆಬೆಲ್ ಅಲಿಯಲ್ಲಿ 2022ರಲ್ಲಿ ತೆರೆದ ದೇವಸ್ಥಾನ ಇದೆ. ಅದರ ಹತ್ತಿರವೇ ಗುರುದ್ವಾರ, ಚರ್ಚುಗಳು. ನಮ್ಮ ಬೀದರ್‌ನ ಗುರುದ್ವಾರ ನಾನಕ್ ಝೀರಾದ ಲಂಗರ್ ಉಂಡವರಿಗೆ ಗುರುದ್ವಾರದ ಊಟ ಮನೆಯ ಊಟದಂತೆ ಅನ್ನಿಸುತ್ತದೆ.

ಸಾಮಾನು ಕಟ್ಟುವಾಗ ಒಂದು ಮಾತು ನೆನಪಿಡಿ. ಗಸಗಸೆ ತರಲೇಬೇಡಿ. ಪಾಯಸಕ್ಕೆ ಅಂತ ಅವ್ವ ಪ್ರೀತಿಯಿಂದ ಕಟ್ಟಿಕೊಡುತ್ತಾಳೆ, ಆದರೆ ಅಲ್ಲಿ ಅದಕ್ಕೆ ನಿಷೇಧವಿದೆ, ದೊಡ್ಡ ತೊಂದರೆ ಆಗುತ್ತದೆ. ಶೇಂಗಾ ಹಿಂಡಿ, ಖಡಕ್ ರೊಟ್ಟಿ ತನ್ನಿ. ಜೋಳದ ಹಿಟ್ಟು ಅಲ್ಲಿನ ಭಾರತೀಯ ಅಂಗಡಿಗಳಲ್ಲೇ ಸಿಗುತ್ತದೆ.

ಮೆಟ್ರೊದಲ್ಲಿ ಹೆಂಗಸರ ಡಬ್ಬಿ ಬೇರೆ ಇರುತ್ತದೆ. ಗಂಡಸರು ಹತ್ತಿದರೆ 100 ದಿರ್ಹಮ್ ದಂಡ. ತಿಂಡಿ ತಿಂದರೂ ಅಷ್ಟೇ. ರಂಜಾನಿನಲ್ಲಿ ಹಗಲು ಬೀದಿಯಲ್ಲಿ ನೀರೂ ಕುಡಿಯಬೇಡಿ. ಸಂಜೆ ಹಲೀಮ್‌ಗೆ ಸಾಲು ಹಚ್ಚುವುದು ನಮಗೆ ಹೊಸದೇನಲ್ಲ.

ಬಿಸಿಲು ನಮಗೆ ರೂಢಿ. ಅಲ್ಲಿನ ಸೆಕೆ ಬೇರೆ. ಬೀದರ್‌ದು ಒಣ ಬಿಸಿಲು, ಅಲ್ಲಿ ಅಂಗಿ ಮೈಗೆ ಅಂಟುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ. ಕಟ್ಟಡದ ಕೆಲಸಕ್ಕೆ ಬರುವ ತಮ್ಮಂದಿರು ಇದನ್ನು ತಿಳಿದಿರಬೇಕು. ಪಾಸ್‌ಪೋರ್ಟ್ ಮಾಲೀಕನ ಹತ್ತಿರ ಇಡಬೇಡಿ, ಅವನು ಇಟ್ಟುಕೊಳ್ಳುವುದು ಅಲ್ಲಿನ ಕಾನೂನಿಗೆ ವಿರುದ್ಧ. ವಿಸಿಟ್ ವೀಸಾ ಕೊಟ್ಟು ಕೆಲಸ ಕೊಡಿಸುತ್ತೇನೆ ಅನ್ನುವ ಏಜೆಂಟನ ಮಾತು ಕೇಳಬೇಡಿ. ಹಾಗೆ ಬಂದ ನಮ್ಮೂರ ಹುಡುಗನೊಬ್ಬ ಮೂರು ತಿಂಗಳು ಸಂಬಳವಿಲ್ಲದೆ ನನ್ನ ಕೋಣೆಯಲ್ಲಿದ್ದ. ರಾತ್ರಿ ಫೋನಿನಲ್ಲಿ ಅವ್ವನಿಗೆ ‘ಎಲ್ಲ ಚಲೋ ಇದೆ’ ಅನ್ನುತ್ತಿದ್ದ.

ನೋಡಲು ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಆಗ ಕ್ರೀಕ್‌ನ ತುದಿಯಲ್ಲಿ, ರಾಸ್ ಅಲ್ ಖೋರ್‌ನಲ್ಲಿ, ಫ್ಲೆಮಿಂಗೊಗಳು ಗುಂಪುಗುಂಪಾಗಿ ಇಳಿಯುತ್ತವೆ. ಬೆಳಿಗ್ಗೆ ಹೋಗಿ. ಹಿಂದೆ ಗಾಜಿನ ಗೋಪುರಗಳು, ಮುಂದೆ ತೆಳು ನೀರಿನಲ್ಲಿ ಗುಲಾಬಿ ಹಕ್ಕಿಗಳು. ಬುರ್ಜ್ ಖಲೀಫಾ ಅಲ್ಲಿಂದಲೂ ಕಾಣುತ್ತದೆ.